ಕ್ಲೀನರ್ ಆಪ್ ಬೇಡ: ವಿಂಡೋಸ್ ಕಂಪ್ಯೂಟರ್ ಚುರುಕಾಗಿ, ಭದ್ರವಾಗಿ ಇರಲು ಸಮಗ್ರ ಮಾರ್ಗದರ್ಶಿ

ಸಿಸ್ಟಮ್ ಸ್ಲೋ ಆಯಿತೆಂದರೆ ಬಹಳ ಮಂದಿ ಮೊದಲು ಮಾಡುವ ಕೆಲಸ ಇನ್ನೊಂದು ಆಪ್ ಹಾಕಿಕೊಳ್ಳುವುದು. ಕ್ಲೀನರ್, ಬೂಸ್ಟರ್, ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಅಪ್‌ಡೇಟರ್, ಎರಡನೆಯ ಆ್ಯಂಟಿವೈರಸ್. ಒಂದೊಂದೂ ಸ್ಟಾರ್ಟಪ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಓಡುವವುಗಳ ಪಟ್ಟಿಯಲ್ಲಿ) ಜಾಗ ಹಿಡಿದು ತನ್ನ ಪಾಲಿನ ಮೆಮೊರಿ ತಿನ್ನುತ್ತದೆ. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಸೇರಿಸಿದ್ದರು. ಅಧಿಕೃತ ತಾಣದಿಂದಲೇ ಡೌನ್‌ಲೋಡ್ ಆದ ಆ ಆವೃತ್ತಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಯಿತು. ರಿಜಿಸ್ಟ್ರಿ (ವಿಂಡೋಸ್ ಮತ್ತು ಆಪ್‌ಗಳ ಸೆಟ್ಟಿಂಗ್ ಬರೆದಿಡುವ ಕಡತ) ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಹೇಳುತ್ತಲೇ ಬಂದಿದೆ. ಬೇಡದ ಸಾವಿರ ರಿಜಿಸ್ಟ್ರಿ ನಮೂದು ಅಳಿಸಿದರೂ ವೇಗ ಹೆಚ್ಚುವುದಿಲ್ಲ. ಬೇಕಾದದ್ದೊಂದು ಅಳಿಸಿಹೋದರೆ ಒಂದು ಆಪ್ ತೆರೆಯುವುದನ್ನೇ ನಿಲ್ಲಿಸುತ್ತದೆ.

ನಿಧಾನಗತಿಯೂ ವೈರಸ್ಸೂ ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಬರುತ್ತವೆ: ನಾವಾಗಿಯೇ ಇನ್‌ಸ್ಟಾಲ್ ಮಾಡಿಕೊಂಡ ಆಪ್, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ಆಪ್), ಅನುಮತಿಗಳಿಂದ. ಹಾಗಾಗಿ ಇಲ್ಲಿ ಹೆಚ್ಚಿನ ಕೆಲಸ ಆ ಬಾಗಿಲಲ್ಲೇ ಇದೆ. ಮೆನು ಹೆಸರುಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ.

ಶುರುವಿಗೆ ಮುಂಚೆ ಬ್ಯಾಕಪ್

"ಫೋಟೋ ಎಲ್ಲಾ ಡಿ ಡ್ರೈವ್‌ನಲ್ಲಿದೆ, ಸೇಫು" ಎನ್ನುವ ಮಾತು ಕೇಳದ ಸರ್ವಿಸ್ ಅಂಗಡಿ ಇರಲಿಕ್ಕಿಲ್ಲ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ವಿಂಡೋಸ್ ಮತ್ತೆ ಹಾಕುವಾಗ ಡಿ ಉಳಿಯುತ್ತದೆ ಎನ್ನುವುದಷ್ಟೇ ಅದರ ಉಪಯೋಗ.

ಮುಖ್ಯ ಫೈಲುಗಳನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿ, ಮುಗಿದ ಕೂಡಲೇ ಕೇಬಲ್ ಬಿಚ್ಚಿಡಿ. ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಬಂದರೆ ಆ ಹೊತ್ತಿಗೆ ಜೋಡಿಸಿರುವ ಎಲ್ಲ ಡ್ರೈವ್‌ಗಳಿಗೂ ಬೀಗ ಹಾಕುತ್ತದೆ. ಒನ್‌ಡ್ರೈವ್, ಗೂಗಲ್ ಡ್ರೈವ್ ಇದ್ದರೆ ಒಳ್ಳೆಯದೇ, ಆದರೆ ಅವು ಮಾಡುವುದು ಸಿಂಕ್: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಒನ್‌ಡ್ರೈವ್ ಉಚಿತವಾಗಿ ಕೊಡುವ ಜಾಗ 5 ಜಿಬಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದಕ್ಕೆ ಒಪ್ಪಿಸಿದರೆ ಬೇಗ ತುಂಬಿ ಸಿಂಕ್ ನಿಂತುಬಿಡುತ್ತದೆ. ನಿಂತದ್ದು ಗಮನಕ್ಕೆ ಬರುವುದು ಫೈಲ್ ಬೇಕಾದ ದಿನವೇ.

ಇನ್ನೂ ಮೂರು ಕೆಲಸ ಈಗಲೇ ಮುಗಿಸಿ.

1. ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಕೀ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರಬಹುದು. ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗಿಂತ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದ ಮೇಲೋ ಮದರ್‌ಬೋರ್ಡ್ ಬದಲಿಸಿದ ಮೇಲೋ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಯಾರಿಂದಲೂ ತೆಗೆಯಲಾಗದು, ಎಷ್ಟು ದುಡ್ಡು ಕೊಟ್ಟರೂ. ಫೋನಿನ ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ಕೀ ಇದೆಯೇ ನೋಡಿ, ಕಾಗದದಲ್ಲಿ ಬರೆದಿಡಿ.

2. ನುಡಿ, ಬರಹದ ಹಳೆಯ ಫಾಂಟ್‌ಗಳು. ಯೂನಿಕೋಡ್‌ಗಿಂತ ಮುಂಚಿನ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರ್ ತೆರೆದು, ನುಡಿ ಅಥವಾ ಬಿಆರ್‌ಎಚ್ ಎಂದು ಶುರುವಾಗುವವನ್ನೆಲ್ಲ ಬ್ಯಾಕಪ್ ಡ್ರೈವ್‌ಗೆ ಕಾಪಿ ಮಾಡಿ.

3. ರಿಸ್ಟೋರ್ ಪಾಯಿಂಟ್. ಸ್ಟಾರ್ಟ್ ಒತ್ತಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಎಂದು ಹುಡುಕಿ. ಸಿ ಡ್ರೈವ್‌ನ ಎದುರು ಪ್ರೊಟೆಕ್ಷನ್ ಆಫ್ ಎಂದಿದ್ದರೆ ಕಾನ್ಫಿಗರ್‌ನಲ್ಲಿ ಆನ್ ಮಾಡಿ, ನಂತರ ಕ್ರಿಯೇಟ್ ಒತ್ತಿ. ಇದು ಸಿಸ್ಟಮ್ ಫೈಲು, ಡ್ರೈವರ್, ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ತರುತ್ತದೆ. ನಿಮ್ಮ ಫೋಟೋ, ಕಡತಗಳ ಬ್ಯಾಕಪ್ ಇದಲ್ಲ.

ಎಲ್ಲಿ ಸಿಕ್ಕಿಕೊಂಡಿದೆ, ಮೊದಲು ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಯಾವ ಆಪ್ ತೆರೆಯದೆ ನೋಡಬೇಕು. ಆನ್ ಆದ ತಕ್ಷಣ ಎಲ್ಲ ಯಂತ್ರಗಳೂ ಸ್ವಲ್ಪ ಹೊತ್ತು ಒದ್ದಾಡುತ್ತವೆ.

ಡಿಸ್ಕ್ ಸತತವಾಗಿ ನೂರು ಪ್ರತಿಶತ ತೋರಿಸುತ್ತಿದ್ದರೆ ಅದರ ಹೆಸರಿನ ಕೆಳಗೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಎಂದಿದೆಯೋ ಎಚ್‌ಡಿಡಿ ಎಂದಿದೆಯೋ ಗಮನಿಸಿ. ಎಚ್‌ಡಿಡಿ ಎಂದಿದ್ದರೆ ಮುಂದಿನ ಯಾವ ಉಪಾಯವೂ ಎಸ್‌ಎಸ್‌ಡಿಗೆ ಸಮನಲ್ಲ. ತಿರುಗುವ ತಟ್ಟೆಯ ಮೇಲೆ ಓದುವ ಸೂಜಿ ಅತ್ತಿತ್ತ ಓಡಾಡುವ ಆ ಡಿಸ್ಕ್ ಒಮ್ಮೆಗೆ ಹತ್ತಾರು ಚಿಕ್ಕ ಫೈಲು ಕೇಳುವ ಇಂದಿನ ವಿಂಡೋಸ್‌ಗೆ ಸಾಲುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೂ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಆನ್ ಆಗುವ ಹೊತ್ತು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ಎಸ್‌ಎಸ್‌ಡಿ ಇದ್ದೂ ನೂರು ತೋರಿಸಿದರೆ ಪ್ರೊಸೆಸಸ್ ಪುಟದಲ್ಲಿ ಡಿಸ್ಕ್ ಎಂಬ ಕಾಲಂ ಮೇಲೆ ಕ್ಲಿಕ್ ಮಾಡಿ, ಯಾರು ತಿನ್ನುತ್ತಿದ್ದಾರೆ ನೋಡಿ. ವಿಂಡೋಸ್ ಅಪ್‌ಡೇಟ್ ಅಥವಾ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್) ಆಗಿದ್ದರೆ ಕಾಯಿರಿ, ಮುಗಿಯುತ್ತದೆ.

ಮೆಮೊರಿ ಏನೂ ತೆರೆಯದೆಯೇ 80 ಪ್ರತಿಶತ ದಾಟಿದ್ದರೆ ಒಂದೋ ರ್‍ಯಾಮ್ 4 ಜಿಬಿ ಇದೆ, ಇಲ್ಲವೇ ಸ್ಟಾರ್ಟಪ್‌ನಲ್ಲಿ ಜಾತ್ರೆ ನೆರೆದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಬರೆದಿದ್ದರೂ ಬ್ರೌಸರ್ ತೆರೆದರೆ ಸಾಲದು. 8 ಜಿಬಿ ಇದ್ದರೆ ಮನೆಯ ಕೆಲಸಕ್ಕೆ ನೆಮ್ಮದಿ.

ಸಿಪಿಯು ಕೆಳಗೆ "ಅಪ್ ಟೈಮ್" ಎಂಬ ಸಾಲಿದೆ. ದಿನವೂ ರಾತ್ರಿ ಶಟ್‌ಡೌನ್ ಮಾಡುವವರಿಗೂ ಅಲ್ಲಿ 20 ದಿನ, 30 ದಿನ ಎಂದು ಕಾಣಿಸಬಹುದು. ಕಾರಣ ಫಾಸ್ಟ್ ಸ್ಟಾರ್ಟಪ್: ಶಟ್‌ಡೌನ್ ಒತ್ತಿದಾಗ ವಿಂಡೋಸ್‌ನ ತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸುತ್ತದೆ. ಹಾಳಾದ ಡ್ರೈವರ್ ಸ್ಥಿತಿಯೂ ಹಾಗೆಯೇ ಎದ್ದು ಬರುತ್ತದೆ. ನಿಜವಾಗಿ ಎಲ್ಲವನ್ನೂ ಹೊಸದಾಗಿ ಶುರು ಮಾಡುವುದು ರೀಸ್ಟಾರ್ಟ್. ವೈಫೈ ಹಿಡಿಯುತ್ತಿಲ್ಲ, ಪ್ರಿಂಟರ್ ಕಾಣುತ್ತಿಲ್ಲ, ಸೌಂಡ್ ಇಲ್ಲ ಎಂಬ ದೂರುಗಳಲ್ಲಿ ಮೊದಲ ಮದ್ದು ಅದೇ. ಎಸ್‌ಎಸ್‌ಡಿ ಇದ್ದವರಿಗೆ ಈ ಸೌಲಭ್ಯದಿಂದ ಉಳಿಯುವುದು ಕೆಲವೇ ಸೆಕೆಂಡು. ಬೇಡವೆನಿಸಿದರೆ ಕಂಟ್ರೋಲ್ ಪ್ಯಾನೆಲ್ → ಪವರ್ ಆಪ್ಷನ್ಸ್ → "ಚೂಸ್ ವಾಟ್ ದ ಪವರ್ ಬಟನ್ಸ್ ಡು" ಒಳಗೆ ಟಿಕ್ ತೆಗೆಯಬಹುದು.

ಇದಾವುದೂ ಅಲ್ಲದೆ ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಧಾನವಾಗುತ್ತಿದ್ದರೆ, ಫ್ಯಾನ್ ಜೋರಾಗಿ ಕೂಗುತ್ತಿದ್ದರೆ, ಅದು ಬಿಸಿ. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಧೂಳು ತೆಗೆಸಿ, ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿ ಹೊರದಾಟಿಸುವ ಲೇಪ) ಬದಲಾಯಿಸಿಕೊಳ್ಳಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲೇ ಇರುತ್ತದೆ.

ಬೇಡದ ಆಪ್ ತೆಗೆಯುವುದು

ಸೆಟ್ಟಿಂಗ್ಸ್ → ಆಪ್ಸ್ → ಇನ್‌ಸ್ಟಾಲ್ಡ್ ಆಪ್ಸ್. ಮೊದಲು ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ವಾರದಲ್ಲಿ ಏನು ಬಂತು ಎಂಬುದು ಮೇಲೆಯೇ ಸಿಗುತ್ತದೆ. ಒಂದು ಆಪ್ ಹಾಕಿದ ದಿನಾಂಕದಲ್ಲೇ ನೀವು ಕೇಳದ ಇನ್ನೆರಡು ಬಂದಿದ್ದರೆ ಅವು ಅದರ ಜೊತೆಗೇ ನುಸುಳಿದವು. ಆಮೇಲೆ ಗಾತ್ರದ ಪ್ರಕಾರ ಜೋಡಿಸಿ.

ಕಣ್ಣುಮುಚ್ಚಿ ತೆಗೆಯಬಹುದಾದವು: ಟೂಲ್‌ಬಾರ್, ಪಿಸಿ ಆಪ್ಟಿಮೈಸರ್, ಡ್ರೈವರ್ ಅಪ್‌ಡೇಟರ್, ಕೂಪನ್ ತೋರಿಸುವ ಆಪ್, ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಟಗಳು, ಅಡೋಬಿ ಫ್ಲ್ಯಾಶ್ ಪ್ಲೇಯರ್. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೇ ಬೆಂಬಲ ನಿಂತಿದೆ. ಇಂದು ಯಾವುದಾದರೂ ತಾಣ "ಫ್ಲ್ಯಾಶ್ ಅಪ್‌ಡೇಟ್ ಮಾಡಿ" ಎಂದರೆ ಅದು ಮೋಸವೇ.

ಮುಟ್ಟಬಾರದವು: ಮೈಕ್ರೋಸಾಫ್ಟ್ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಹೆಸರಿನವು. 2010, 2013, 2015 ಎಂದು ಐದಾರು ಕಾಣಿಸುತ್ತವೆ, ಎರಡೆರಡು ಪ್ರತಿ ಇರುತ್ತವೆ; ನಕಲು ಎಂದು ತೆಗೆದರೆ ಅವನ್ನು ನೆಚ್ಚಿಕೊಂಡ ಆಪ್ "ಡಿಎಲ್‌ಎಲ್ ಮಿಸ್ಸಿಂಗ್" ಎಂದು ನಿಲ್ಲುತ್ತದೆ. ಡಾಟ್‌ನೆಟ್, ಚಿಪ್‌ಸೆಟ್, ಗ್ರಾಫಿಕ್ಸ್, ಆಡಿಯೋ, ಟಚ್‌ಪ್ಯಾಡ್ ಡ್ರೈವರ್‌ಗಳೂ ಹಾಗೆಯೇ. ಡಿಜಿಟಲ್ ಸಿಗ್ನೇಚರ್ ಡಾಂಗಲ್ ಬಳಸುವವರು ಅದರ ಟೋಕನ್ ಸಾಫ್ಟ್‌ವೇರನ್ನು ಗುರುತಿಸಿಟ್ಟುಕೊಳ್ಳಿ. ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನ ಅದು ಇಲ್ಲವೆಂದು ಗೊತ್ತಾಗುವುದು ಬೇಡ.

ಟ್ರಯಲ್ ಅವಧಿ ಮುಗಿದ ಆ್ಯಂಟಿವೈರಸ್ಸಿಗೆ ಬೇರೆಯೇ ಮರ್ಯಾದೆ ಬೇಕು. ಅದು ಇರುವವರೆಗೂ ವಿಂಡೋಸ್‌ನ ಡಿಫೆಂಡರ್ ಹಿಂದೆ ಸರಿದಿರಬಹುದು. ಅತ್ತ ಟ್ರಯಲ್ ಮುಗಿದ ಆ್ಯಂಟಿವೈರಸ್ಸಿಗೆ ಹೊಸ ವೈರಸ್‌ಗಳ ಗುರುತುಗಳೂ ಬರುತ್ತಿರುವುದಿಲ್ಲ. ಅಂದರೆ ಕಾವಲಿಗೆ ಯಾರೂ ಇಲ್ಲದಿರಬಹುದು. ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಆಮೇಲೂ ಅದರ ಚಿಹ್ನೆ ಉಳಿದಿದ್ದರೆ ಅದೇ ಕಂಪನಿ ಕೊಡುವ ರಿಮೂವಲ್ ಟೂಲ್ ಬಳಸಿ. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು ಡಿಫೆಂಡರ್ ಆನ್ ಆಗಿದೆಯೇ ಖಾತ್ರಿ ಮಾಡಿಕೊಳ್ಳಿ.

ಪಟ್ಟಿಯಲ್ಲಿ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ರಿಮೋಟ್ ಆಪ್ ಇದ್ದು, ಏಕೆ ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ತೆಗೆಯಿರಿ. ಆಪ್ ಕೆಟ್ಟದ್ದಲ್ಲ, ಆದರೆ ಬ್ಯಾಂಕಿನವರು, ಮೈಕ್ರೋಸಾಫ್ಟ್‌ನವರು, ಪೊಲೀಸರು ಎಂದು ಫೋನ್ ಮಾಡುವ ಕಳ್ಳರು ಮೊದಲು ಹಾಕಿಸುವುದೇ ಅದನ್ನು.

ಸ್ಟಾರ್ಟಪ್

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆಪ್ಸ್ ಪುಟದಲ್ಲಿ "ಸ್ಟಾರ್ಟಪ್ ಇಂಪ್ಯಾಕ್ಟ್" ಕಾಲಂ ಇದೆ. ಶುರುವಿನಲ್ಲಿ ಸಿಪಿಯುವಿನ 1 ಸೆಕೆಂಡಿಗಿಂತ ಹೆಚ್ಚು ಸಮಯ ಅಥವಾ ಡಿಸ್ಕಿನಿಂದ 3 ಎಂಬಿಗಿಂತ ಹೆಚ್ಚು ಓದು-ಬರಹ ಕೇಳುವ ಆಪ್‌ಗೆ ಅಲ್ಲಿ "ಹೈ" ಎಂಬ ಗುರುತು. ಸ್ಪಾಟಿಫೈ, ಸ್ಕೈಪ್‌ನ ಉಳಿಕೆ, ಟೀಮ್ಸ್, ಗೇಮ್ ಲಾಂಚರ್‌ಗಳು, ಫೋನ್ ಕಂಪನಿಯ ಸಿಂಕ್ ಆಪ್, ಪ್ರಿಂಟರ್‌ನ ಇಂಕ್ ಮಾರುವ ಸಹಾಯಕ: ಎಲ್ಲವನ್ನೂ ಡಿಸೇಬಲ್ ಮಾಡಬಹುದು. ಡಿಸೇಬಲ್ ಅಂದರೆ ಆಪ್ ಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ. ವಿಂಡೋಸ್ ಸೆಕ್ಯುರಿಟಿ, ಆಡಿಯೋ, ಟಚ್‌ಪ್ಯಾಡ್ ಬಿಟ್ಟುಬಿಡಿ. ಕನ್ನಡ ಟೈಪಿಂಗ್‌ಗೆ ನುಡಿ ಅಥವಾ ಬರಹ ದಿನವೂ ಬೇಕಿದ್ದರೆ ಅದನ್ನೂ ಉಳಿಸಿ.

ಬರೀ ಯೂನಿಕೋಡ್ ಟೈಪಿಂಗ್‌ಗಾದರೆ ಬೇರೆ ತಂತ್ರಾಂಶವೇ ಬೇಕಿಲ್ಲ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ಸೆಟ್ಟಿಂಗ್ಸ್ → ಟೈಮ್ ಆ್ಯಂಡ್ ಲ್ಯಾಂಗ್ವೇಜ್ → ಲ್ಯಾಂಗ್ವೇಜ್ ಆ್ಯಂಡ್ ರೀಜನ್‌ನಲ್ಲಿ ಕನ್ನಡ ಸೇರಿಸಿ, ಅದರ ಆಪ್ಷನ್ಸ್‌ನಲ್ಲಿ ಫೊನೆಟಿಕ್ ಕೀಬೋರ್ಡ್ ಆರಿಸಿದರೆ ಆಯಿತು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಹಳೆಯ ವರ್ಡ್ ಫೈಲುಗಳು ಕೇಳುವ ತುಂಗಾ ಫಾಂಟ್ ಆಪ್ಷನಲ್ ಫೀಚರ್ಸ್‌ನ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಕಟ್ಟಿನಲ್ಲಿದೆ.

ಹೊಸ ಆಪ್ ಹಾಕುವಾಗ

ಗೂಗಲ್‌ನಲ್ಲಿ ಆಪ್‌ನ ಹೆಸರು ಹುಡುಕಿದಾಗ ಮೊದಲು ಬರುವುದು ಅನೇಕ ಸಲ ಜಾಹೀರಾತು, ಅಂದರೆ "ಸ್ಪಾನ್ಸರ್ಡ್" ಎಂದು ಚಿಕ್ಕದಾಗಿ ಬರೆದದ್ದು. ವಿಎಲ್‌ಸಿ, ಒಬಿಎಸ್, ಕೀಪಾಸ್‌ನಂಥ ಉಚಿತ ತಂತ್ರಾಂಶಗಳ ಹೆಸರಲ್ಲಿ ಅಸಲಿಯಂತೆಯೇ ಕಾಣುವ ನಕಲಿ ಪುಟಗಳಿಗೆ ಕರೆದೊಯ್ಯುವ ಜಾಹೀರಾತುಗಳು ಬಂದಿವೆ. ಆ ಸಾಲು ದಾಟಿ ಕೆಳಗೆ ಹೋಗಿ, ವಿಳಾಸ ಓದಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವುದಾದರೆ ಅಲ್ಲಿಂದಲೇ ಹಾಕಿ. ತಾನಾಗಿಯೇ ಅಪ್‌ಡೇಟ್ ಆಗುವ ಅನುಕೂಲವೂ ಇದೆ.

ಇಳಿಸಿದ ಫೈಲಿನ ಮೇಲೆ ಬಲ ಕ್ಲಿಕ್ → ಪ್ರಾಪರ್ಟೀಸ್ → ಡಿಜಿಟಲ್ ಸಿಗ್ನೇಚರ್ಸ್. ಕಂಪನಿಯ ಹೆಸರು ಅಲ್ಲಿರಬೇಕು. ತೆರೆದಾಗ ಪರದೆ ಮಬ್ಬಾಗಿ ಅನುಮತಿ ಕೇಳುವ ಪೆಟ್ಟಿಗೆ ಬರುತ್ತದಲ್ಲ, ಅದರ ಬಣ್ಣ ನೋಡಿ. ನೀಲಿ ಪಟ್ಟಿ ಇದ್ದು ಪಬ್ಲಿಷರ್ ಹೆಸರು ಇದ್ದರೆ ಸಹಿ ಇದೆ ಎಂದರ್ಥ. ಹಳದಿ ಪಟ್ಟಿಯಲ್ಲಿ "ಅನ್‌ನೋನ್" ಎಂದಿದ್ದರೆ ಯಾರ ಸಹಿಯೂ ಇಲ್ಲ. ಸಹಿಯಿಲ್ಲದ ಒಳ್ಳೆಯ ತಂತ್ರಾಂಶಗಳೂ ಇವೆ, ಆದರೆ ದೊಡ್ಡ ಕಂಪನಿಯ ಆಪ್ ಎಂದು ಇಳಿಸಿದ್ದಕ್ಕೆ ಹಳದಿ ಬಂದರೆ "ನೋ" ಒತ್ತಿ. ಸಂಶಯವಿದ್ದರೆ ಫೈಲನ್ನು ವೈರಸ್‌ಟೋಟಲ್ ತಾಣಕ್ಕೆ ಹಾಕಿ, ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮುಂತಾದ ಖಾಸಗಿ ಕಡತ ಮಾತ್ರ ಅಲ್ಲಿಗೆ ಹಾಕಬೇಡಿ. ಹಾಕಿದ್ದು ಬೇರೆಯವರಿಗೂ ಸಿಗಬಹುದು.

ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಅಥವಾ ಅಡ್ವಾನ್ಸ್ಡ್ ಆರಿಸಿ. ಜೊತೆಗೆ ಬರುವವರ ಟಿಕ್‌ಗಳು ಅಲ್ಲೇ ಅಡಗಿರುತ್ತವೆ.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ → ಶೋ → "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಈಗಲೇ ಆನ್ ಮಾಡಿ. ಇದು ಆಫ್ ಇದ್ದರೆ "ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ" ಎಂಬುದು ಬರೀ "ಇನ್‌ವಾಯ್ಸ್.ಪಿಡಿಎಫ್" ಎಂದು ಕಾಣುತ್ತದೆ, ಚಿತ್ರವೂ ಪಿಡಿಎಫ್‌ನದೇ ಇರುತ್ತದೆ.

ಕ್ರ್ಯಾಕ್ ಮಾಡಿದ ಫೋಟೋಶಾಪ್, ವಿಂಡೋಸ್ ಆಕ್ಟಿವೇಟರ್‌ಗಳ (ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸುವ ಕಳ್ಳ ತಂತ್ರಾಂಶಗಳ) ಬಗ್ಗೆ ಒಂದೇ ಗಮನಿಸಬೇಕಾದ ಅಂಶ: ಅವುಗಳ ಜೊತೆಯ ಸೂಚನೆಯಲ್ಲಿ "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂದು ಇರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ದೋಚುವ ಮಾಲ್‌ವೇರ್ ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ದುಡ್ಡಿಲ್ಲದಿದ್ದರೆ ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶಗಳಿವೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಮೋಸ ಬಂದಿದೆ, ಆ್ಯಂಟಿವೈರಸ್ಸನ್ನು ದಾಟಿ ನೇರ ನಿಮ್ಮ ಬೆರಳನ್ನೇ ಬಳಸಿಕೊಳ್ಳುವಂಥದ್ದು. ಒಂದು ಪುಟದಲ್ಲಿ "ನೀವು ಮನುಷ್ಯರೇ ಎಂದು ದೃಢಪಡಿಸಿ" ಎಂಬ ಪೆಟ್ಟಿಗೆ. ಟಿಕ್ ಮಾಡಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಟಿಕ್ ಮಾಡಿದ ಕ್ಷಣವೇ ಒಂದು ಆದೇಶ ಕ್ಲಿಪ್‌ಬೋರ್ಡ್‌ಗೆ ಕಾಪಿ ಆಗಿರುತ್ತದೆ; ಮೂರು ಹೆಜ್ಜೆ ಮುಗಿಸಿದರೆ ನೀವೇ ಮಾಲ್‌ವೇರನ್ನು ಇಳಿಸಿ ಓಡಿಸಿದಂತೆ. ನಿಜವಾದ ಯಾವ ಕ್ಯಾಪ್ಚಾವೂ ರನ್ ಪೆಟ್ಟಿಗೆ ತೆರೆಯಲು ಹೇಳುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಎಲ್ಲರಿಗೂ ಇದೊಂದನ್ನು ಹೇಳಿಕೊಡಿ.

ಅಪ್‌ಡೇಟ್

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಜಗತ್ತನ್ನು ಸುತ್ತಿತು. ಅದು ನುಗ್ಗಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಅಪ್‌ಡೇಟ್ ಮುಂದೂಡಿದವರೇ ಸಿಕ್ಕಿಬಿದ್ದರು.

ವಿಂಡೋಸ್‌ನ ಭದ್ರತಾ ಅಪ್‌ಡೇಟ್‌ಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ಹೊರಬರುತ್ತವೆ, ನಮ್ಮಲ್ಲಿ ಆಗ ರಾತ್ರಿ. ಬುಧವಾರ ಬೆಳಗ್ಗೆ ಕಂಪ್ಯೂಟರ್ ಭಾರವೆನಿಸಿದರೆ ಅದೇ ಕಾರಣ ಇರಬಹುದು. ಸೆಟ್ಟಿಂಗ್ಸ್ → ವಿಂಡೋಸ್ ಅಪ್‌ಡೇಟ್ → ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಕೊಟ್ಟರೆ ಕೆಲಸದ ಹೊತ್ತಲ್ಲಿ ರೀಸ್ಟಾರ್ಟ್ ಆಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬಳಸುವವರು ಆ ವೈಫೈಯನ್ನು ಮೀಟರ್ಡ್ ಎಂದು ಗುರುತಿಸಿ, ಡೇಟಾ ಉಳಿಯುತ್ತದೆ. ಆದರೆ ವಾರಕ್ಕೊಮ್ಮೆಯಾದರೂ ಬ್ರಾಡ್‌ಬ್ಯಾಂಡ್‌ಗೆ ಜೋಡಿಸಿ ಅಪ್‌ಡೇಟ್ ಮುಗಿಸಿ. ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಡೆಸ್ಕ್‌ಟಾಪ್ ಎದ್ದೇಳದಿರಬಹುದು, ಯುಪಿಎಸ್ ಇಲ್ಲದ ಮನೆಗಳಲ್ಲಿ ಮಳೆಗಾಳಿಯ ಸಂಜೆ ರೀಸ್ಟಾರ್ಟ್ ಬೇಡ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಕೊಟ್ಟಿದ್ದಾರೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿ ಕೊಂಡಿ ಇರುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಪಾಡುವ ಚಿಪ್) ಮತ್ತು ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. "ಟಿಪಿಎಂ ಇಲ್ಲ" ಎಂದು ತೋರಿಸಿದರೆ ಕೂಡಲೇ ಹೊಸ ಯಂತ್ರ ಕೊಳ್ಳಬೇಡಿ. ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ: ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರು. ನಿಜವಾಗಿಯೂ ಹಳೆಯ ಯಂತ್ರವಾದರೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್) ಚೆನ್ನಾಗಿ ನಡೆಯುತ್ತದೆ, ಕನ್ನಡ ಟೈಪಿಂಗೂ ಇದೆ. ಆದರೆ ಟ್ಯಾಲಿ, ಹಳೆಯ ನುಡಿ ನೆಚ್ಚಿದವರಿಗೆ ಅದು ಹೊಂದದು.

ಕ್ರೋಮ್, ಫೈರ್‌ಫಾಕ್ಸ್ ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ವಿನ್‌ರಾರ್ ಮತ್ತು 7-ಜಿಪ್ ಆಗುವುದಿಲ್ಲ. 2023ರಲ್ಲಿ ವಿನ್‌ರಾರ್‌ನ ಒಂದು ದೋಷವನ್ನು ದಾಳಿಕೋರರು ತಿಂಗಳುಗಟ್ಟಲೆ ಬಳಸಿಕೊಂಡರು. ಜಿಪ್ ಕಡತದ ಒಳಗಿನ ಚಿತ್ರ ತೆರೆದರೆ ಸಾಕು, ಅದರ ಬೆನ್ನಿಗೆ ಅಡಗಿದ ಇನ್ನೊಂದು ಫೈಲ್ ಓಡುತ್ತಿತ್ತು. 6.23 ಆವೃತ್ತಿಯಲ್ಲಿ ಅದು ಸರಿಯಾಯಿತು, ಆದರೆ ಹತ್ತು ವರ್ಷದ ಹಳೆಯ ವಿನ್‌ರಾರ್ ಇಂದಿಗೂ ಎಷ್ಟೋ ಕಂಪ್ಯೂಟರ್‌ಗಳಲ್ಲಿದೆ. ಇಂಥವನ್ನು ಹಿಡಿಯಲು ವಿಂಡೋಸ್‌ನಲ್ಲೇ ಸಾಧನವಿದೆ. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ಟರ್ಮಿನಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ವಿನ್‌ಗೆಟ್ ಅಪ್‌ಗ್ರೇಡ್ ಎಂದು ಟೈಪಿಸಿ ಎಂಟರ್ ಒತ್ತಿ. ಯಾವ ಆಪ್, ಈಗಿನ ಆವೃತ್ತಿ ಯಾವುದು, ಬಂದಿರುವ ಹೊಸದು ಯಾವುದು ಎಂದು ಪಟ್ಟಿ ಬರುತ್ತದೆ. ಅದೇ ಆದೇಶದ ಕೊನೆಗೆ ಜಾಗ ಬಿಟ್ಟು, ಎರಡು ಹೈಫನ್ ಹಾಕಿ ಆಲ್ ಎಂದು ಸೇರಿಸಿದರೆ ಎಲ್ಲವೂ ಒಟ್ಟಿಗೆ ಅಪ್‌ಡೇಟ್ ಆಗುತ್ತವೆ. ತಿಂಗಳಿಗೊಮ್ಮೆ ಸಾಕು. ಲೆಕ್ಕಪತ್ರದ ತಂತ್ರಾಂಶ ಆ ಪಟ್ಟಿಯಲ್ಲಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡುವುದು ಬೇಡ, ಒಂದೊಂದಾಗಿ ಮಾಡಿ.

ಡ್ರೈವರ್‌ಗಳ ಮಾತು ಬೇರೆ. ಸರಿಯಾಗಿ ನಡೆಯುತ್ತಿರುವುದನ್ನು ಹೊಸದು ಬಂತೆಂದು ಬದಲಿಸಬೇಕಿಲ್ಲ. ಬೇಕಾದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ, ಮಾಡೆಲ್ ಸಂಖ್ಯೆ ಕೊಟ್ಟು ಇಳಿಸಿ.

ಬ್ರೌಸರ್

ಪರದೆಯ ಬಲ ಕೆಳಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್" ಎಂದು ಪದೇಪದೇ ಬರುತ್ತಿದ್ದರೆ ಸಾಮಾನ್ಯವಾಗಿ ವೈರಸ್ ಇರುವುದೇ ಇಲ್ಲ. ಯಾವುದೋ ತಾಣಕ್ಕೆ ನೋಟಿಫಿಕೇಷನ್ ಅನುಮತಿ "ಅಲೋ" ಕೊಟ್ಟಿದ್ದೀರಿ. ಆ ಎಚ್ಚರಿಕೆಯ ಮೇಲ್ಭಾಗದಲ್ಲಿ ಬ್ರೌಸರ್‌ನ ಹೆಸರೂ ತಾಣದ ಹೆಸರೂ ಸಣ್ಣದಾಗಿ ಕಾಣುತ್ತವೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ → ಪ್ರೈವಸಿ ಆ್ಯಂಡ್ ಸೆಕ್ಯುರಿಟಿ → ಸೈಟ್ ಸೆಟ್ಟಿಂಗ್ಸ್ → ನೋಟಿಫಿಕೇಷನ್ಸ್‌ಗೆ ಹೋಗಿ, ಗುರುತಿಲ್ಲದ ತಾಣಗಳನ್ನೆಲ್ಲ ತೆಗೆಯಿರಿ. ಅಲ್ಲಿಗೆ ನಿಲ್ಲುತ್ತದೆ.

ಎಕ್ಸ್‌ಟೆನ್ಷನ್‌ಗಳಲ್ಲಿ ಮೂರೋ ನಾಲ್ಕೋ ಇರಲಿ. "ಎಲ್ಲ ತಾಣಗಳ ಡೇಟಾ ಓದಿ ಬದಲಿಸಬಲ್ಲದು" ಎಂಬ ಅನುಮತಿ ಪಡೆದ ಎಕ್ಸ್‌ಟೆನ್ಷನ್ ನಿಮ್ಮ ನೆಟ್‌ಬ್ಯಾಂಕಿಂಗ್ ಪುಟವನ್ನೂ ಓದಬಲ್ಲದು. ಒಳ್ಳೆಯ ಎಕ್ಸ್‌ಟೆನ್ಷನ್ನನ್ನು ಬೇರೊಬ್ಬರು ಕೊಂಡು ಹಾಳು ಮಾಡುವುದೂ ಉಂಟು. ಬ್ರೌಸರ್ ಭಾರವೆನಿಸಿದರೆ ಕ್ರೋಮ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಆನ್ ಮಾಡಿ.

ಭದ್ರತೆಯ ಸೆಟ್ಟಿಂಗ್‌ಗಳು

ಮನೆಯ ಕಂಪ್ಯೂಟರ್‌ಗೆ ಡಿಫೆಂಡರ್ ಸಾಕು, ದುಡ್ಡು ಕೊಟ್ಟು ಬೇರೆ ಹಾಕಲೇಬೇಕೆಂದಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ರಿಯಲ್‌ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇರಲಿ. ಆಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ → ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ "ಪೊಟೆನ್ಷಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್" ಆನ್ ಮಾಡಿ. ಟೂಲ್‌ಬಾರ್ ಜಾತಿಯವನ್ನು ತಡೆಯುವುದು ಇದು. ಎಕ್ಸ್‌ಕ್ಲೂಷನ್ಸ್ (ಡಿಫೆಂಡರ್ ಪರೀಕ್ಷಿಸದೆ ಬಿಡುವವುಗಳ) ಪಟ್ಟಿಯನ್ನೂ ತೆರೆದು ನೋಡಿ. ಸಿ ಡ್ರೈವ್ ಇಡಿಯಾಗಿ ಅಲ್ಲಿ ಸೇರಿದ್ದರೆ ಯಾರೋ ಆಕ್ಟಿವೇಟರ್ ಓಡಿಸಿರಬಹುದು.

ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ (ಸಿಸ್ಟಮ್ ಬದಲಿಸಲು ಅಡ್ಮಿನ್ ಪಾಸ್‌ವರ್ಡ್ ಕೇಳುವಂಥದ್ದು) ಬಳಸುವುದು ಒಂದೇ ಬದಲಾವಣೆ, ಫಲ ದೊಡ್ಡದು. ಸೆಟ್ಟಿಂಗ್ಸ್ → ಅಕೌಂಟ್ಸ್ → ಅದರ್ ಯೂಸರ್ಸ್‌ನಲ್ಲಿ ಹೊಸ ಖಾತೆ ತೆರೆದು ಅದಕ್ಕೆ ಅಡ್ಮಿನಿಸ್ಟ್ರೇಟರ್ ಪಟ್ಟ ಕೊಡಿ, ಗಟ್ಟಿ ಪಾಸ್‌ವರ್ಡ್ ಹಾಕಿ. ಅದರಿಂದ ಲಾಗಿನ್ ಆಗಿ ನೋಡಿದ ಮೇಲೆಯೇ ನಿಮ್ಮ ಮಾಮೂಲಿ ಖಾತೆಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಪ್ಪಿದರೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದೆ ಹೊರಗೆ ನಿಲ್ಲಬೇಕಾದೀತು. ಮಕ್ಕಳು ಬಳಸುವ ಕಂಪ್ಯೂಟರ್‌ಗೆ ಇದು ಬೇಕೇ ಬೇಕು.

ಡಿಸ್ಕ್ ಖಾಲಿ ಮಾಡುವುದು

ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ, ಇಲ್ಲದಿದ್ದರೆ ದೊಡ್ಡ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ಸ್ → ಸಿಸ್ಟಮ್ → ಸ್ಟೋರೇಜ್ → ಟೆಂಪರರಿ ಫೈಲ್ಸ್. ಈ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಒಂದು ಸಾಲಾಗಿ ಇದೆ. ಎಲ್ಲಕ್ಕೂ ಟಿಕ್ ಹಾಕುತ್ತ ಹೋದರೆ ಆ ಫೋಲ್ಡರಿನಲ್ಲಿದ್ದ ಅಂಕಪಟ್ಟಿ, ಪಹಣಿ ಎಲ್ಲ ಹೋಗುತ್ತವೆ, ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್" ಎಂಬುದು ಹಳೆಯ ಆವೃತ್ತಿಗೆ ಮರಳಲು ಇಟ್ಟದ್ದು. 10 ದಿನಕ್ಕೆ ತಾನೇ ಹೋಗುತ್ತದೆ.

ಎಸ್‌ಎಸ್‌ಡಿಗೆ ಹೊರಗಿನ ಡಿಫ್ರ್ಯಾಗ್ (ಚದುರಿದ ಫೈಲು ಭಾಗಗಳನ್ನು ಒಟ್ಟುಗೂಡಿಸುವ) ತಂತ್ರಾಂಶ ಬೇಡ. ವಿಂಡೋಸ್ ವಾರಕ್ಕೊಮ್ಮೆ ತಾನೇ ಟ್ರಿಮ್ (ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ) ಮಾಡಿಕೊಳ್ಳುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷ ಹಿಡಿಯುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ "ರೀಅಲೊಕೇಟೆಡ್ ಸೆಕ್ಟರ್ಸ್", "ಕರೆಂಟ್ ಪೆಂಡಿಂಗ್ ಸೆಕ್ಟರ್" ಸಾಲು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಸ್ಕ್ಯಾನ್, ಡಿಫ್ರ್ಯಾಗ್ ಏನೂ ಮಾಡದೆ ಮೊದಲು ಫೈಲು ಕಾಪಿ ಮಾಡಿಕೊಳ್ಳಿ.

ವೈರಸ್ ಬಂದಿದೆ ಎನಿಸಿದಾಗ

1. ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಕೀಳಿ, ಪೆನ್‌ಡ್ರೈವ್ ತೆಗೆಯಿರಿ.

2. ವಿಂಡೋಸ್ ಸೆಕ್ಯುರಿಟಿ → ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ → ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಅಡಗಿ ಕೂತ ಮಾಲ್‌ವೇರ್‌ಗೆ ಆಗ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಸಿಕ್ಕಿದ್ದೇನು ಎಂದು ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಇರುತ್ತದೆ.

3. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ, ಅಂದರೆ ಫೋನಿನಿಂದ ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಅಲ್ಲಿಗೇ ನಿಲ್ಲಬೇಡಿ: ಮಾಹಿತಿ ದೋಚುವ ಮಾಲ್‌ವೇರ್‌ಗಳು ಕುಕಿಗಳನ್ನೂ (ನೀವು ಲಾಗಿನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತುಗಳನ್ನೂ) ಒಯ್ಯುತ್ತವೆ. ಆ ಕುಕಿ ಇದ್ದರೆ ಒಟಿಪಿ ಕೇಳದೆಯೇ ಖಾತೆ ತೆರೆಯುತ್ತದೆ. ಗೂಗಲ್, ಫೇಸ್‌ಬುಕ್ ಖಾತೆಗಳಲ್ಲಿ ಎಲ್ಲ ಸಾಧನಗಳಿಂದಲೂ ಸೈನ್‌ಔಟ್ ಮಾಡಿ.

4. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮುನ್ನ ತಡೆಯುವ ಅವಕಾಶ ಹೆಚ್ಚು.

5. ವೈರಸ್ ಹೋದ ಮೇಲೂ ವಿಂಡೋಸ್ ಕುಂಟುತ್ತಿದ್ದರೆ ಟರ್ಮಿನಲ್ಲನ್ನು ಅಡ್ಮಿನ್ ಆಗಿ ತೆರೆದು ಎಸ್‌ಎಫ್‌ಸಿ, ಜಾಗ, ಓರೆಗೆರೆ, ಸ್ಕ್ಯಾನ್‌ನೌ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಕೆಟ್ಟ ಸಿಸ್ಟಮ್ ಫೈಲುಗಳನ್ನು ಸರಿಪಡಿಸುತ್ತದೆ.

ರೀಸೆಟ್

ಆಕ್ಟಿವೇಟರ್ ಓಡಿಸಿದ್ದ ಅಥವಾ ಪಾಸ್‌ವರ್ಡ್ ಕಳವಾದ ಯಂತ್ರವನ್ನು ಶುಚಿ ಮಾಡುತ್ತ ಕೂರುವುದಕ್ಕಿಂತ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಸೆಟ್ಟಿಂಗ್ಸ್ → ಸಿಸ್ಟಮ್ → ರಿಕವರಿ → ರೀಸೆಟ್ ದಿಸ್ ಪಿಸಿ. "ಕೀಪ್ ಮೈ ಫೈಲ್ಸ್" ಎಂದರೆ ಕಡತಗಳು ಉಳಿಯುತ್ತವೆ, ಆಪ್‌ಗಳು ಹೋಗುತ್ತವೆ. ಮಾಲ್‌ವೇರ್ ಕಾರಣಕ್ಕಾದರೆ "ರಿಮೂವ್ ಎವ್ರಿಥಿಂಗ್" ಆರಿಸಿ. ಮುಂದೆ ಕ್ಲೌಡ್ ಡೌನ್‌ಲೋಡ್ ಎಂದರೆ ಮೈಕ್ರೋಸಾಫ್ಟ್‌ನಿಂದ ಹೊಸ ಪ್ರತಿ ಇಳಿಯುತ್ತದೆ. 4 ಜಿಬಿಗಿಂತ ಹೆಚ್ಚು ಡೇಟಾ ಬೇಕಾಗಬಹುದು. ಲೋಕಲ್ ರೀಇನ್‌ಸ್ಟಾಲ್ ಡಿಸ್ಕಿನಲ್ಲಿರುವ ಫೈಲುಗಳನ್ನೇ ಬಳಸುವುದರಿಂದ ಅವೇ ಕೆಟ್ಟಿದ್ದರೆ ಪ್ರಯೋಜನವಿಲ್ಲ.

ವಿಂಡೋಸ್ ಎದ್ದೇಳದೇ ಇದ್ದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಲೈಸೆನ್ಸ್ ಕೀ ಹುಡುಕಬೇಕಿಲ್ಲ: ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ, ಅದೇ ಎಡಿಷನ್ ಹಾಕಿದರೆ ಇಂಟರ್‌ನೆಟ್‌ಗೆ ಜೋಡಿಸಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಯಂತ್ರಕ್ಕೆ ಅಂಗಡಿಯಲ್ಲಿ ಪ್ರೊ ಹಾಕಿ ಆಕ್ಟಿವೇಟರ್ ಓಡಿಸಿಕೊಟ್ಟರೆ, ದುಡ್ಡು ಕೊಟ್ಟು ಕೊಂಡ ಅಸಲಿ ಲೈಸೆನ್ಸ್ ಒಳಗೇ ಇದ್ದೂ ಕಳ್ಳ ವಿಂಡೋಸ್ ಬಳಸಿದಂತಾಗುತ್ತದೆ. ರಿಪೇರಿಗೆ ಕೊಡುವಾಗಲೇ ಇದನ್ನು ಹೇಳಿಬಿಡಿ.